ಹೊರಕ್ಕೆ ತೆರೆಯುವ ಬಾಗಿಲು

ಆ ಬೆಳಗ್ಗೆ ಅವರು ನನಗೆ ಫೋನ್ ಮಾಡಿದ್ದು ಒಂದು ಸ್ಪ್ರಿಂಗ್ ವಿಚಾರಕ್ಕೆ. ಬೀಗದ ಪೆಟ್ಟಿಗೆಯಿಂದ ಹಳೆಯ ಗೇರ್‌ಬಾಕ್ಸ್ ಬಿಚ್ಚಿ ನೆಲದ ಮೇಲೆ ಇಟ್ಟಾಗಿತ್ತು. ಹೊಸದು ಒಳಗೆ ಕೂರುತ್ತಿರಲಿಲ್ಲ.

"ಮೇಡಂ, ಈ ಸ್ಪ್ರಿಂಗು ಹಳೇದಕ್ಕಿಂತ ಉದ್ದ ಇದೆ. ಒತ್ತಿ ಕೂರಿಸ್ಲಾ?"

"ಒತ್ಬೇಡಿ ಅಣ್ಣ. ಡ್ರಾಯಿಂಗ್ ಓಪನ್ ಮಾಡ್ತೀನಿ, ಒಂದ್ ನಿಮಿಷ ಲೈನಲ್ಲಿರಿ."

ಸ್ವೀಡನ್ನಿನ ಶೋವ್ಡೆ ಊರಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾರ್ಖಾನೆ ಇದೆ. ಗುಂಡಿಗೂ ಬೆಂಕಿಗೂ ಜಗ್ಗದ ಉಕ್ಕಿನ ಬಾಗಿಲುಗಳನ್ನು ಮಾಡುತ್ತೇವೆ. ಬೀಗಗಳ ಪರೀಕ್ಷೆ ನನ್ನ ಕೆಲಸ. ಫೋನಿನಲ್ಲಿದ್ದವರು ನಮ್ಮ ಸರ್ವಿಸ್ ಟೆಕ್ನಿಷಿಯನ್. ಧಾರವಾಡದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಕಂಪನಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಬೇಡವೆಂದು ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ. ನನ್ನ ಹತ್ತಿರ ಮಾತಾಡುವಾಗ ತಮ್ಮ ಭಾಷೆಯನ್ನು ಬೆಂಗಳೂರಿನದಕ್ಕೆ ಹೊಂದಿಸಿಕೊಳ್ಳುತ್ತಿದ್ದರು.

ವರ್ಷಕ್ಕೊಮ್ಮೆ ಅವರು ಏಷ್ಯಾದ ಸುತ್ತು ಹೋಗಿ, ನಾವು ಕೂರಿಸಿದ ಬಾಗಿಲುಗಳನ್ನು ಬಿಚ್ಚಿ ನೋಡಿ, ಸವೆದದ್ದನ್ನು ಬದಲಾಯಿಸಿ ಬರುತ್ತಾರೆ. ಆ ದಿನ ಇದ್ದದ್ದು ಆಗ್ನೇಯ ಏಷ್ಯಾದ ಒಂದು ರಾಜಧಾನಿಯಲ್ಲಿ, ಯುರೋಪಿನ ಒಂದು ಸಣ್ಣ ದೇಶದ ರಾಯಭಾರ ಕಚೇರಿಯಲ್ಲಿ. ಎರಡೂ ದೇಶಗಳ ಹೆಸರು ಬರೆಯುವಂತಿಲ್ಲ, ಒಪ್ಪಂದ ಹಾಗಿದೆ. ಮರಗಳಿರುವ ಉದ್ದನೆಯ ಬೀದಿ, ಎರಡೂ ಬದಿಗೆ ಸಾಲಾಗಿ ಬೇರೆ ಬೇರೆ ದೇಶಗಳ ಕಚೇರಿಗಳು, ಪ್ರತಿ ಗೇಟಿಗೂ ಒಂದು ಬಾವುಟ. ಆ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಆಶ್ರಯ ಕೋಣೆ ಇದೆ. ದಾಳಿಯಾದರೆ ಸಿಬ್ಬಂದಿ ಅದರೊಳಗೆ ಸೇರಿ ಪೊಲೀಸರು ಬರುವವರೆಗೆ ಕಾಯಬೇಕು. ಕಿಟಕಿಯಿಲ್ಲ, ಗೋಡೆಯೊಳಗೂ ಉಕ್ಕು, ಹಾಗಾಗಿ ಮೊಬೈಲ್ ಹಿಡಿಯುವುದಿಲ್ಲ. ತಂತಿಯ ಫೋನ್ ಒಂದಿದೆ. ಅಣ್ಣ ಮಾತಾಡುತ್ತಿದ್ದದ್ದು ಅದರಲ್ಲೇ.

ನಮ್ಮಲ್ಲಿ ಆಗ ಬೆಳಗಿನ ಒಂಬತ್ತೂವರೆ, ಫೀಕಾ ಎನ್ನುವ ಕಾಫಿ ವಿರಾಮದ ಹೊತ್ತು. ಎಲ್ಲರೂ ಕಾಫಿಗೆ ಎದ್ದಿದ್ದರು. ಅಲ್ಲಿ ಮಧ್ಯಾಹ್ನ ಮೂರೂವರೆ.

ನಾನು ಡ್ರಾಯಿಂಗ್ ತೆರೆಯುವಷ್ಟರಲ್ಲಿ ಅವರು ಅಂದರು, "ಹೊರಗೆ ಏನೋ ಗದ್ದಲ ಮೇಡಂ."

ಬೆಳಗಿನಿಂದ ಆ ಊರಿನಲ್ಲಿ ಮೆರವಣಿಗೆ ಇದೆಯೆಂದು ಅವರು ಮೊದಲೇ ಹೇಳಿದ್ದರು. ನೆರೆಯ ದೇಶದ ಜೊತೆ ಗಡಿ ಜಗಳ, ಆ ದೇಶದ ರಾಯಭಾರ ಕಚೇರಿ ಇದೇ ಬೀದಿಯಲ್ಲಿ, ಇವರ ಕಟ್ಟಡದ ಪಕ್ಕದಲ್ಲೇ. ನಡುವೆ ಒಂದು ಕಾಂಪೌಂಡ್ ಗೋಡೆ. ಪೊಲೀಸರು ಅದರ ಮುಂದೆ ಸಾಲು ನಿಂತಿದ್ದಾರೆ, ನಮಗೇನೂ ಇಲ್ಲ ಎಂದಿದ್ದರು.

ಆಶ್ರಯ ಕೋಣೆಯಲ್ಲಿ ಒಂದು ಟಿವಿ ಪರದೆ ಇದೆ, ಗೇಟಿನ ಮತ್ತು ಅಂಗಳದ ಕ್ಯಾಮರಾ ದೃಶ್ಯಗಳು ಅದರಲ್ಲಿ ಕಾಣುತ್ತವೆ. ಅವರು ಅದನ್ನು ನೋಡಲು ತಿರುಗಿರಬೇಕು. ಆಮೇಲೆ ಬಂದ ದನಿಯಲ್ಲಿ ಬೆಂಗಳೂರು ಇರಲಿಲ್ಲ.

"ಗ್ವಾಡಿ ಹಾರಿ ಬರಾಕತ್ತಾರ್ರಿ. ಬಾಜೂದ ಕಟ್ಟಡಕ್ಕ ಬೆಂಕಿ ಹಚ್ಯಾರ. ಅಯ್ಯಯ್ಯ... ಗೇಟಿನ ಕಾವಲುಗಾರನ್ನ ಕೆಳಗ ಕೆಡವ್ಯಾರ. ಹೊಡ್ಯಾಕತ್ತಾರ. ಬಡಿಗಿ ತಗೊಂಡು, ತಲಿಗೇ ಹೊಡ್ಯಾಕತ್ತಾರ್ರಿ."

"ಅಣ್ಣ, ನಿಮ್ಮ ಬಾಗಿಲು ತೆಗ್ದಿದ್ಯಾ?"

"ತಗದೈತಿ. ಬೀಗ ಬಿಚ್ಚೇನಿ. ಅಂವ ಅಳ್ಳಾಡವಲ್ಲ ಮೇಡಂ, ಇನ್ನೂ ಹೊಡ್ಯಾಕತ್ತಾರ."

ಓಡುವ ಹೆಜ್ಜೆಗಳು ಕೇಳಿದವು. ಆ ಕಚೇರಿಯವರು ಕೋಣೆಗೆ ನುಗ್ಗುತ್ತಿದ್ದರು. ಭದ್ರತಾ ಅಧಿಕಾರಿ, ಯುರೋಪಿನವನು, ಇಂಗ್ಲಿಷಿನಲ್ಲಿ ಕೂಗುತ್ತಿದ್ದ: ಮುಚ್ಚು, ಮುಚ್ಚು, ಮುಚ್ಚು. ಒಬ್ಬ ಹೆಂಗಸು ಅಳುತ್ತಿದ್ದಳು. ಅಣ್ಣನನ್ನೂ ಸೇರಿಸಿ ಒಳಗೆ ಆರು ಜನ.

ಬಾಗಿಲನ್ನು ಎಳೆದು ಮುಚ್ಚುವುದೇನೋ ಸುಲಭ. ಆದರೆ ಮುಚ್ಚಿದ ಬಾಗಿಲು ಭದ್ರವಾಗುವುದು ನಾಲ್ಕು ಚಿಲಕಗಳಿಂದ. ಹಲಗೆಯ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ನಾಲ್ಕು ದಪ್ಪ ಉಕ್ಕಿನ ಚಿಲಕಗಳು ಚೌಕಟ್ಟಿನೊಳಕ್ಕೆ ಹೋಗುತ್ತವೆ. ನಾಲ್ಕನ್ನೂ ಒಟ್ಟಿಗೆ ತಳ್ಳುವುದು, ಹೋದಲ್ಲೇ ಹಿಡಿದಿಡುವುದು ಗೇರ್‌ಬಾಕ್ಸ್. ಆ ಗೇರ್‌ಬಾಕ್ಸ್ ಈಗ ನೆಲದ ಮೇಲೆ ಬಿದ್ದಿತ್ತು. ಅದಿಲ್ಲದೆ ಹೊರಗಿನವರು ಒಮ್ಮೆ ಬಲವಾಗಿ ಅಲುಗಿಸಿದರೂ ಚಿಲಕಗಳು ಹಿಂದೆ ಸರಿದುಬಿಡುತ್ತವೆ.

"ಅಣ್ಣ, ಹೊಸ ಗೇರ್‌ಬಾಕ್ಸ್ ಬಂದ ಡಬ್ಬಿಯಲ್ಲಿ ಒಂದು ಕೆಂಪು ಟ್ಯಾಗ್ ಇರೋ ಪಿನ್ ಇತ್ತಲ್ಲ, ಸಾಗಣೆಗೆ ಹಾಕಿರ್ತೀವಲ್ಲ, ಅದೆಲ್ಲಿ?"

"ತಗದು ಒಗದೇನ್ರಿ. ಕಸದಾಗ."

"ಹುಡುಕಿ. ನಾಲ್ಕು ಚಿಲಕಕ್ಕೂ ಸೇರಿರೋ ಉದ್ದ ಪಟ್ಟಿ ಇದೆಯಲ್ಲ, ಅದನ್ನ ಸ್ಕ್ರೂಡ್ರೈವರಿಂದ ಮೀಟಿ ಮೇಲಕ್ಕೆ ತಳ್ಳಿ. ಚಿಲಕ ಎಲ್ಲಾ ಹೋಗತ್ತೆ. ಪಟ್ಟಿ ಮಧ್ಯದಲ್ಲಿ ಒಂದು ತೂತು ಇದೆ, ಪೆಟ್ಟಿಗೆ ತೂತಿಗೆ ಸರಿಯಾಗಿ ಬರತ್ತೆ. ಅದರೊಳಗೆ ಪಿನ್ ಹೊಡೀರಿ."

ಫೋನ್ ಕೆಳಗಿಟ್ಟ ಸದ್ದು. ಪ್ಲಾಸ್ಟಿಕ್ ಹರಿಯುವ ಸದ್ದು. "ಕಾಣವಲ್ದು, ಕಾಣವಲ್ದು" ಎಂದು ಅವರು ಗೊಣಗುವುದು ಕೇಳುತ್ತಿತ್ತು. ದೂರದಲ್ಲಿ ಗಾಜು ಒಡೆಯುತ್ತಿತ್ತು, ಒಂದರ ಹಿಂದೆ ಒಂದು, ಕೆಳಗಿನ ಮಹಡಿಯಿಂದ ಮೇಲಕ್ಕೆ. ನಾನು ನನ್ನ ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ. "ಸಿಕ್ತು" ಎಂದರು. ಆಮೇಲೆ ಲೋಹಕ್ಕೆ ಲೋಹ ಬಡಿದ ಮೂರು ಪೆಟ್ಟು.

"ಕುಂತೈತಿ ಮೇಡಂ."

ಅಷ್ಟು ಹೊತ್ತಿಗೆ ನಮ್ಮ ವಿಭಾಗದ ಮುಖ್ಯಸ್ಥ ಕಾಫಿ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತಿದ್ದ. ನಾನು ಎರಡು ಮಾತಿನಲ್ಲಿ ಹೇಳಿದೆ. ಅವನು ಲೋಟ ಇಟ್ಟು, ತನ್ನ ಮೊಬೈಲಿನಿಂದ ಆ ಯುರೋಪಿನ ದೇಶದ ವಿದೇಶಾಂಗ ಇಲಾಖೆಯ ತುರ್ತು ಸಂಖ್ಯೆಗೆ ಕರೆ ಮಾಡಿದ.

ಬಾಗಿಲ ಹಲಗೆಯೊಳಗೆ ಕಂಪನ ಅಳೆಯುವ ಒಂದು ಸಣ್ಣ ಬಿಲ್ಲೆ ಇರುತ್ತದೆ. ಸರ್ವಿಸ್ ನಡೆಯುವ ದಿನ ಅದರ ಅಳತೆ ನೇರವಾಗಿ ನನ್ನ ಕಂಪ್ಯೂಟರಿಗೆ ಬರುತ್ತದೆ. ಪರದೆಯ ಮೇಲೆ ಒಂದು ಹಸಿರು ಗೆರೆ ಮಟ್ಟಸವಾಗಿ ಓಡುತ್ತಿತ್ತು. ಮೊದಲ ಪೆಟ್ಟು ಬಿದ್ದಾಗ ಗೆರೆ ಪರದೆಯ ಮೇಲಂಚಿಗೆ ಹಾರಿತು. ಅದೇ ಕ್ಷಣ ಫೋನಿನಲ್ಲಿ ಸದ್ದು. ಮತ್ತೊಂದು. ಮತ್ತೊಂದು. ದೊಡ್ಡ ಸುತ್ತಿಗೆ; ಇಬ್ಬರು ಸರದಿಯಲ್ಲಿ ಹೊಡೆಯುತ್ತಿದ್ದಾರೆ, ಒಬ್ಬನ ಪೆಟ್ಟು ಜೋರು, ಇನ್ನೊಬ್ಬನದು ಕಡಿಮೆ. ನಮ್ಮ ಪರೀಕ್ಷಾ ಕೊಠಡಿಯಲ್ಲಿ ಇಂಥ ಪೆಟ್ಟುಗಳನ್ನು ನಾನೇ ಹೊಡೆಸಿದ್ದೇನೆ. ಕಿವಿಗೆ ಮುಚ್ಚಳ ಹಾಕಿಕೊಂಡು, ಕೈಯಲ್ಲಿ ಪರೀಕ್ಷೆಯ ಪಟ್ಟಿ ಹಿಡಿದು, ಎಣಿಸುತ್ತಾ. ಪ್ರತಿ ಪೆಟ್ಟಿಗೂ ಒಳಗಿನಿಂದ ಒಂದು ಕೂಗು ಬರುತ್ತದೆ ಎನ್ನುವುದು ಆ ಪಟ್ಟಿಯಲ್ಲಿರಲಿಲ್ಲ.

"ಪಿನ್ ನೋಡ್ತಾ ಇರಿ ಅಣ್ಣ. ಹೊರಗೆ ಬರ್ತಿದ್ರೆ ಮತ್ತೆ ಹೊಡೀರಿ."

"ಬರಾಕತ್ತೈತಿ. ಹೊಡ್ಯಾಕತ್ತೇನಿ."

ಹೊರಗಿನವರು ಹೊರಗಿಂದ ಹೊಡೆಯುತ್ತಿದ್ದರು, ಇವರು ಒಳಗಿಂದ ಸಣ್ಣ ಸುತ್ತಿಗೆಯಲ್ಲಿ ಪಿನ್ ಹೊಡೆಯುತ್ತಿದ್ದರು.

ಅಳುತ್ತಿದ್ದ ಹೆಂಗಸು ವೀಸಾ ವಿಭಾಗದ ಗುಮಾಸ್ತೆ, ಆ ಊರಿನವಳೇ. ಹೊರಗಿನವರ ಭಾಷೆ ಒಳಗಿದ್ದವರಲ್ಲಿ ಅವಳಿಗೊಬ್ಬಳಿಗೇ ಗೊತ್ತು. ಅವಳು ಬಾಗಿಲಿಗೆ ಕಿವಿ ಕೊಟ್ಟು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಣ್ಣ ನನಗೆ ಹೇಳಿದರು. ಪಕ್ಕದ ಕಚೇರಿಯವರು ಗೋಡೆ ಹಾರಿ ಇಲ್ಲಿಗೆ ಬಂದು ಈ ಕೋಣೆಯಲ್ಲಿ ಅಡಗಿದ್ದಾರೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಅವರನ್ನು ಹೊರಗೆ ಎಳೆಯಲು ಈ ಗುಂಪು ಬಂದಿತ್ತು.

"ಅವ್ರು ಇಲ್ಲಿಲ್ಲ ಅಂತ ಕೂಗಿ ಹೇಳೋಕೆ ಹೇಳಿ."

ಅವಳು ಕೂಗಿದಳು. ಸುತ್ತಿಗೆ ನಿಂತಿತು. ಹೊರಗಿನಿಂದ ಒಬ್ಬ ಏನೋ ಅಂದ, ನಗು ಕೇಳಿತು.

"ಏನಂತೆ?"

"ಹಂಗಾದ್ರ ತಗದು ತೋರಸ್ರಿ ಅಂತ."

ಭದ್ರತಾ ಅಧಿಕಾರಿ ಬೇಡವೆಂದ. ನಾನೂ ಹಾಗೇ ಹೇಳುತ್ತಿದ್ದೆ. ಹತ್ತು ನಿಮಿಷ ಮೊದಲು ಗೇಟಿನಲ್ಲಿ ಅವರು ಮಾಡಿದ್ದನ್ನು ಅಣ್ಣ ನೋಡಿದ್ದರು. ಪೆಟ್ಟುಗಳು ಮತ್ತೆ ಶುರುವಾದವು. ನನ್ನ ಪರದೆಯ ಹಸಿರು ಗೆರೆ ಒಮ್ಮೆ ಹಾರಿ, ಕೆಳಗೆ ಬರದೆ ಅಳಿಸಿಹೋಯಿತು. ಕಟ್ಟಡದ ಕರೆಂಟು ಹೋಗಿತ್ತು. ಇನ್ನು ನನಗೆ ಉಳಿದದ್ದು ಫೋನ್ ಮಾತ್ರ. ಒಳಗೆ ದೀಪ, ಗಾಳಿ ಫ್ಯಾನ್ ಬ್ಯಾಟರಿಯಲ್ಲಿ ನಡೆಯುತ್ತಿವೆ ಎಂದು ಅಣ್ಣ ಹೇಳಿದರು.

ಮುಖ್ಯಸ್ಥ ತನ್ನ ಮೊಬೈಲನ್ನು ಎದೆಗೊತ್ತಿ ನನಗೆ ಹೇಳಿದ, "ಪೊಲೀಸ್ ಇಪ್ಪತ್ತು ನಿಮಿಷದಲ್ಲಿ."

ಅದನ್ನು ಅಣ್ಣನಿಗೆ ಹೇಳಿದೆ. ಅವರು ಒಳಗಿನವರಿಗೆ ಹೇಳಿದರು. ಅವರಲ್ಲೊಬ್ಬ ಪ್ರಾರ್ಥನೆ ಮಾಡುತ್ತಿದ್ದ.

ಇಪ್ಪತ್ತು ನಿಮಿಷದಲ್ಲಿ ಪೊಲೀಸರು ಬರಲಿಲ್ಲ. ಬೀದಿ ತುಂಬ ಜನ, ಗಾಡಿಗಳು ಒಳಗೆ ಬರುತ್ತಿಲ್ಲವಂತೆ. ಮುಖ್ಯಸ್ಥ ಮತ್ತೆ ಕೇಳಿದ, ಮತ್ತೆ ಇಪ್ಪತ್ತು ನಿಮಿಷ ಎಂದರು. ಅಷ್ಟರಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು. ಗುಮಾಸ್ತೆ ಕೇಳಿಸಿಕೊಂಡು ಒಂದೇ ಪದ ಹೇಳಿದಳು, ಅದು ನನಗೂ ಅರ್ಥವಾಯಿತು. ಪೆಟ್ರೋಲ್.

ಹೊರಗಿನವರು ಮೇಜು ಕುರ್ಚಿಗಳನ್ನು ಬಾಗಿಲ ಮುಂದೆ ಎಳೆದು ತಂದು ಹಾಕುವ ಸದ್ದು ಕೇಳಿತು. ಆಮೇಲೆ ಭುಗ್ ಎಂದಿತು.

ನಮ್ಮ ಬಾಗಿಲು ಬೆಂಕಿಗೆ ಅರ್ಧ ಗಂಟೆ ತಡೆಯುತ್ತದೆಂದು ಪ್ರಮಾಣಪತ್ರವಿದೆ. ಅದು ಬೀಗ ಪೂರ್ತಿ ಇರುವ, ಮುಚ್ಚಳ ಹಾಕಿರುವ ಬಾಗಿಲಿಗೆ. ಈ ಬಾಗಿಲಲ್ಲಿ ಗೇರ್‌ಬಾಕ್ಸಿನ ವೈರುಗಳು ಬರುತ್ತಿದ್ದ ತೂತು ತೆರೆದೇ ಇತ್ತು.

"ಹೊಗಿ ಬರಾಕತ್ತೈತಿ, ವೈರಿನ ತೂತಿನಾಗಿಂದ."

"ಬಟ್ಟೆ ಒದ್ದೆ ಮಾಡಿ ತುರುಕಿ. ನೀರಿದ್ಯಾ? ಗಾಳಿ ಫ್ಯಾನ್ ಆಫ್ ಮಾಡಿ, ಅದು ಮೇಲಿಂದ ಹೊಗೆನೇ ಎಳೀತಿರತ್ತೆ. ಆರು ಜನಕ್ಕೆ ಒಂದ್ ಗಂಟೆ ಗಾಳಿ ಸಾಕಾಗತ್ತೆ ಅಣ್ಣ, ಹೆದರ್ಬೇಡಿ. ಎಲ್ರೂ ನೆಲದ ಮೇಲೆ ಕೂತ್ಕೊಳ್ಳಿ."

ಅವರು ತಮ್ಮ ಅಂಗಿ ಬಿಚ್ಚಿ ಕುಡಿಯುವ ನೀರಿನಲ್ಲಿ ಅದ್ದಿ ತುರುಕಿದರು. ಹೊಗೆ ಕಡಿಮೆಯಾಯಿತು, ನಿಲ್ಲಲಿಲ್ಲ. ಎಲ್ಲರೂ ಕೆಮ್ಮುತ್ತಿದ್ದರು.

"ಬಾಗಿಲು ಮುಟ್ಟಿ ನೋಡಿ. ಮೇಲೆ ಒಂದ್ ಸಲ, ಕೆಳಗೆ ಒಂದ್ ಸಲ."

"ಮ್ಯಾಲ ಕೈ ಇಡಾಕ ಆಗವಲ್ದು. ಕೆಳಗ ಬೆಚ್ಚಗೈತಿ ಅಷ್ಟ."

ಇಲ್ಲಿ ನನಗೆ ಗೊತ್ತಿದ್ದ, ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಕುಲುಮೆಯ ಪರೀಕ್ಷೆಯಲ್ಲಿ ನಾನು ಈ ಬಾಗಿಲನ್ನು ಮೂರು ಸಲ ಸುಟ್ಟಿದ್ದೇನೆ. ಬೆಂಕಿ ತಾಗಿದ ಕಡೆಯ ತಗಡು ಹಿಗ್ಗಿ, ಹಲಗೆ ಬೆಂಕಿಯತ್ತ ಬಾಗುತ್ತದೆ. ಬಾಗಿದಾಗ ಚಿಲಕಗಳು ಚೌಕಟ್ಟಿನ ತೂತುಗಳಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತವೆ, ಮೇಲಿನದು ಮೊದಲು. ಅಲ್ಲಿಂದಾಚೆ ಒಳಗಿನಿಂದ ಎಷ್ಟೇ ಮೀಟಿದರೂ ತೆರೆಯುವುದಿಲ್ಲ. ಹೊರಗಿನಿಂದ ಗ್ಯಾಸ್ ಕಟ್ಟರಿನಲ್ಲಿ ಕೊಯ್ಯಬೇಕು. ಗೇರ್‌ಬಾಕ್ಸ್ ಇದ್ದಿದ್ದರೆ ಅದರ ಬಲದಿಂದ ಇನ್ನೂ ಸ್ವಲ್ಪ ಹೊತ್ತು ಚಿಲಕಗಳನ್ನು ಹಿಂದೆಳೆಯಬಹುದಿತ್ತು. ಈಗ ಇದ್ದದ್ದು ಒಂದು ಸ್ಕ್ರೂಡ್ರೈವರ್.

ಆ ಬೆಂಕಿ ಹೊತ್ತಿ ಏಳು ನಿಮಿಷವಾಗಿತ್ತು.

ಫೋನಿನ ಬಾಯಿಗೆ ಕೈ ಮುಚ್ಚಿ ಮುಖ್ಯಸ್ಥನಿಗೆ ಇದನ್ನು ಹೇಳಿದೆ. ಅವನು ಇಲಾಖೆಯವರಿಗೆ ಹೇಳಿದ. ಅವರ ಉತ್ತರ: ಯಾವ ಕಾರಣಕ್ಕೂ ತೆರೆಯಬೇಡಿ, ಪೊಲೀಸ್ ದಾರಿಯಲ್ಲಿದ್ದಾರೆ. ಮುಖ್ಯಸ್ಥ ಒಳ್ಳೆಯ ಮನುಷ್ಯ. ಅವನ ಮುಖ ಬಿಳಿಚಿಕೊಂಡಿತ್ತು. "ನಾವು ಬಾಗಿಲು ಮಾಡುವವರು," ಎಂದ. "ತೆರೆಯಬೇಕೋ ಬೇಡವೋ ಹೇಳುವುದು ನಮ್ಮ ಕೆಲಸವಲ್ಲ." ನನ್ನ ನೋಟ್‌ಪುಸ್ತಕ ಎಳೆದುಕೊಂಡು ಸ್ವೀಡಿಷ್‌ನಲ್ಲಿ ಎರಡು ಪದ ಬರೆದು ಮುಂದಿಟ್ಟ: ಏನೂ ಹೇಳಬೇಡ.

ನಾನು ಆ ಎರಡು ಪದಗಳನ್ನು ನೋಡುತ್ತಾ ಕೂತೆ. ಎಷ್ಟು ಹೊತ್ತು ಎಂದು ಆಮೇಲೆ ತನಿಖೆಯವರು ಕರೆಯ ದಾಖಲೆ ನೋಡಿ ಹೇಳಿದರು: ಹನ್ನೊಂದು ಸೆಕೆಂಡು.

"ಮೇಡಂ? ಅದೀರಿ?"

"ಇದ್ದೀನಿ ಅಣ್ಣ. ಕೇಳಿ. ಮೇಲಿನ ಮೂರು ಚಿಲಕಕ್ಕೂ ಪಟ್ಟಿಗೂ ಒಂದೊಂದು ನಟ್ಟು ಇದೆ. ಮೂರೂ ಬಿಚ್ಚಿ. ಬಿಚ್ಚಿ ಆ ಮೂರು ಚಿಲಕ ಒಳಗೆ ಎಳ್ಕೊಳ್ಳಿ. ಕೆಳಗಿನದು ಮಾತ್ರ ಹಾಗೇ ಇರ್ಲಿ, ಪಿನ್ ಜೊತೆ. ಈಗ್ಲೇ ಮಾಡ್ಬೇಕು. ಇನ್ನೈದು ನಿಮಿಷ ಬಿಟ್ರೆ ಬರಲ್ಲ."

"ಒಂದ ಚಿಲಕದ ಮ್ಯಾಲ ನಿಂದ್ರತೈತೇನ್ರಿ ಇದು?"

"ಸುತ್ತಿಗೆಗೆ ನಿಲ್ಲತ್ತೆ. ಹಾರೆ ಹಾಕಿ ಮೀಟಿದ್ರೆ ನಿಲ್ಲಲ್ಲ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಅವರು ಭದ್ರತಾ ಅಧಿಕಾರಿಗೆ ಹೇಳಿದರು. ಅವನು ಫೋನ್ ಕಿತ್ತುಕೊಂಡು ನನ್ನ ಮೇಲೆ ಕೂಗಾಡಿದ. ನಾನು ಯಾರು, ಯಾವ ಅಧಿಕಾರದಲ್ಲಿ ಹೇಳುತ್ತಿದ್ದೇನೆ ಎಂದು. ನಾನು ಈ ಬಾಗಿಲನ್ನು ಮೂರು ಸಲ ಸುಟ್ಟವಳು ಎಂದೆ. ಅವನು ಕೆಮ್ಮಿದ. ಹಿಂದೆ ಸ್ಪಾನರ್ ತಿರುಗುವ ಕಿರ್ ಕಿರ್ ಆಗಲೇ ಕೇಳುತ್ತಿತ್ತು. ಅಣ್ಣ ಅವನ ಒಪ್ಪಿಗೆಗೆ ಕಾದಿರಲಿಲ್ಲ.

"ಒಂದು ಬಂತು. ಎರಡನೇದು ಬಂತು. ಮ್ಯಾಲಿಂದು ಬರವಲ್ದು. ಸುಡಾಕತ್ತೈತಿ."

"ಬಟ್ಟೆ ಸುತ್ತಿ ಹೊಡೀರಿ. ಪಕ್ಕಕ್ಕೆ ಹೊಡೀರಿ."

ಅವರು ನರಳುತ್ತಾ ಹೊಡೆದರು. ಐದೋ ಆರೋ ಪೆಟ್ಟಿಗೆ ಅದು ಬಂತು. ಅಂಗೈ ಸುಟ್ಟಿತ್ತು, ಅದನ್ನು ಅವರು ಆಗ ನನಗೆ ಹೇಳಲಿಲ್ಲ.

ಆಮೇಲೆ ಕಾಯುವ ಹೊತ್ತು. ಹೊರಗೆ ಬೆಂಕಿಗೆ ಹೆದರಿ ಗುಂಪು ಮೆಟ್ಟಿಲ ಕಡೆ ಸರಿದಿತ್ತು. ಕುರ್ಚಿ ಮೇಜು ಉರಿದು ಬೆಂಕಿ ತಗ್ಗುತ್ತಿದೆ ಎಂದು ಸದ್ದಿನಿಂದ ಅನ್ನಿಸುತ್ತಿತ್ತು. ಆದರೆ ಕಾರಿಡಾರಿನ ಚಾವಣಿ ಹತ್ತಿಕೊಂಡಿತ್ತು. ಹೊಗೆ ಇನ್ನಷ್ಟು ದಟ್ಟವಾಗಿ ಬರುತ್ತಿತ್ತು. ಗುಮಾಸ್ತೆಗೆ ಉಸಿರು ಹಿಡಿಯುತ್ತಿತ್ತು. ಹಿಂಬದಿಯ ಮೆಟ್ಟಿಲು ಬಾಗಿಲಿಂದ ಎಡಕ್ಕೆ ಎಂಟು ಹೆಜ್ಜೆ ಎಂದು ಭದ್ರತಾ ಅಧಿಕಾರಿ ಹೇಳಿದ. ಈಗ ಅವನೇ ನನ್ನನ್ನು ಕೇಳಿದ: ಹೋಗಬಹುದಾ? ನಾನು ಇನ್ನೆರಡು ನಿಮಿಷ ಎನ್ನುವುದರಲ್ಲಿದ್ದೆ.

ಅಷ್ಟರಲ್ಲಿ ಹೊರಗಿನವರು ವಾಪಸ್ ಬಂದರು. ಮೂವರೋ ನಾಲ್ವರೋ. ಈ ಸಲ ಸುತ್ತಿಗೆ ಇರಲಿಲ್ಲ. ಬಾಗಿಲ ಮೇಲಂಚಿನಲ್ಲಿ ಚೂಪಾದ್ದೊಂದು ತುರುಕುವ ಕಿರುಗುಟ್ಟು ಸದ್ದು.

"ಹಾರಿ ಹಾಕ್ಯಾರ. ಮ್ಯಾಲ ಬಿಡಾಕತ್ತೈತಿ."

ಮೇಲೆ ಚಿಲಕಗಳಿಲ್ಲ. ಹಲಗೆ ಮೇಲಿನಿಂದ ತೆರೆದುಕೊಳ್ಳುತ್ತಾ ಬಂತು. ಕೆಳಗಿನ ಒಂದೇ ಚಿಲಕ ಹಿಡಿದಿತ್ತು. ಕೋಣೆಯಲ್ಲಿದ್ದವರು ಒಳಗಿನ ಹಿಡಿಕೆಗೆ ಜೋತುಬಿದ್ದು ಎಳೆಯುತ್ತಿದ್ದರು. ಸಂದಿ ಒಂದು ಗೇಣಾಯಿತು. ಆ ಸಂದಿಯಿಂದ ಕಬ್ಬಿಣದ ಸಲಾಕೆ ಒಳಗೆ ಬಂದು ಕುರುಡಾಗಿ ಬೀಸಿತು. ನನಗೆ ಕೇಳಿಸಿದ್ದು ಅಣ್ಣನ ಕೂಗು. ಅಂಥ ಕೂಗನ್ನು ಅದಕ್ಕೆ ಮೊದಲು ನಾನು ಮನುಷ್ಯರಿಂದ ಕೇಳಿರಲಿಲ್ಲ. ಹಿಡಿಕೆಯ ಮೇಲಿದ್ದ ಅವರ ಬಲಗೈ ಮೇಲೆ ಬಿದ್ದಿತ್ತು, ಒಂದು ಸಲ, ಎರಡು ಸಲ, ಮೂರು ಸಲ.

ಭದ್ರತಾ ಅಧಿಕಾರಿ "ಎಳೆಯಿರಿ, ಎಳೆಯಿರಿ" ಎಂದು ಇಂಗ್ಲಿಷಿನಲ್ಲಿ ಅರಚುತ್ತಿದ್ದ.

ಆ ಬಾಗಿಲು ನಾನೂರ ಇಪ್ಪತ್ತು ಕಿಲೋ. ಹೊರಕ್ಕೆ ತೆರೆಯುತ್ತದೆ. ಕೀಲುಗಳ ಬೇರಿಂಗ್ ಎಷ್ಟು ನುಣುಪೆಂದರೆ ಒಬ್ಬರೇ ಎರಡು ಬೆರಳಲ್ಲಿ ತೆರೆಯಬಹುದು. ಆರು ಜನ ಅದನ್ನು ಎಳೆದು ಹಿಡಿಯುವುದಕ್ಕಿಂತ ಆರು ಜನ ತಳ್ಳಿದರೆ ಏನಾಗುತ್ತದೆಂದು ನನಗೆ ಲೆಕ್ಕ ಹಾಕಬೇಕಾಗಿರಲಿಲ್ಲ. ಕಾರಿಡಾರ್ ಎಷ್ಟು ಅಗಲ ಎನ್ನುವುದೂ ಡ್ರಾಯಿಂಗಿನಲ್ಲಿ ನನ್ನ ಕಣ್ಣ ಮುಂದೆ ಇತ್ತು. ಬಾಗಿಲ ಹಿಂದೆ ನಿಂತವನಿಗೆ ಸರಿಯಲು ಜಾಗವಿಲ್ಲ.

"ಅಣ್ಣಾ! ಪಿನ್ ಕಿತ್ತಾಕಿ! ಎಳೀಬೇಡಿ. ಪಿನ್ ಕಿತ್ತು ಎಲ್ರೂ ಸೇರಿ ತಳ್ಳಿ! ಹೊರಕ್ಕೆ ತಳ್ಳಿ, ಜೋರಾಗಿ!"

ಅದನ್ನೇ ಇಂಗ್ಲಿಷಿನಲ್ಲೂ ಕೂಗಿದೆ. ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಖ್ಯಸ್ಥ ನನ್ನ ಭುಜ ಹಿಡಿದ. ತಡೆಯಲೋ ಆಸರೆಗೋ ತಿಳಿಯಲಿಲ್ಲ.

ಫೋನ್ ಅವರ ಕೈಯಿಂದ ಜಾರಿ ತಂತಿಯಲ್ಲಿ ನೇತಾಡುತ್ತಾ ಗೋಡೆಗೆ ಬಡಿಯಿತು. ಪಿನ್ ನೆಲಕ್ಕೆ ಬಿದ್ದ ಟಣ್ ಸದ್ದು. ಆರು ಜನರ ಒಂದೇ ಹೂಂಕಾರ. ಆಮೇಲೆ ಬಂದ ಸದ್ದು ದೊಡ್ಡದೇನಲ್ಲ. ಉಕ್ಕು ಗೋಡೆಗೆ ಬಡಿದರೆ ಹೇಗೆ ಕೇಳುತ್ತದೆಂದು ನನಗೆ ಗೊತ್ತು. ಇದು ಹಾಗಿರಲಿಲ್ಲ. ನಡುವೆ ಏನೋ ಇತ್ತು.

ಯಾರೋ ಕಿರುಚುತ್ತಾ ಓಡಿದರು. ಒಳಗಿದ್ದವರು ಎಡಕ್ಕೆ ಓಡಿದರು. ಕೆಮ್ಮು, ಹೆಜ್ಜೆಗಳು, ಗುಮಾಸ್ತೆಯ ಅಳು ದೂರವಾದವು. ಕೊನೆಗೊಬ್ಬರ ಹೆಜ್ಜೆ ಮಾತ್ರ ಸ್ವಲ್ಪ ತಡೆದು ಹೋಯಿತು. ಆಮೇಲೆ ಬೆಂಕಿ ಚಟಗುಟ್ಟುವುದಷ್ಟೇ.

ನಾನು ಫೋನ್ ಇಡಲಿಲ್ಲ. ಯಾರಾದರೂ ಹಿಂದೆ ಉಳಿದಿದ್ದರೆ ಎಂದು ಇಂಗ್ಲಿಷಿನಲ್ಲಿ ಕೂಗಿ ಕೇಳುತ್ತಿದ್ದೆ. ಉತ್ತರವಾಗಿ ಹೊರಗೆ ಕಾರಿಡಾರಿನಲ್ಲಿ ಒಂದು ಮೊಬೈಲ್ ರಿಂಗಾಯಿತು, ಯಾವುದೋ ಸಿನಿಮಾ ಹಾಡಿನಂಥ ಖುಷಿಯ ಸಂಗೀತ. ನಿಂತು ಮತ್ತೆ ರಿಂಗಾಯಿತು. ಅದನ್ನು ಯಾರೂ ಎತ್ತಲಿಲ್ಲ. ನಾಲ್ಕನೇ ಸಲ ರಿಂಗಾಗುವಾಗ ಲೈನ್ ಸತ್ತುಹೋಯಿತು.

ಮುಂದಿನ ಎರಡು ಗಂಟೆ ನಮಗೆ ಏನೂ ತಿಳಿಯಲಿಲ್ಲ. ಯಾರೋ ನನ್ನ ಮುಂದೆ ದಾಲ್ಚಿನ್ನಿ ಬನ್ನು ಇಟ್ಟಿದ್ದರು. ಮಧ್ಯಾಹ್ನ ಹನ್ನೆರಡೂವರೆಗೆ ಕರೆ ಬಂತು. ಆರು ಜನ ಹಿಂದಿನ ಮೆಟ್ಟಿಲಿಳಿದು ಓಣಿ ದಾಟಿ, ಎದುರಿನ ದೊಡ್ಡ ರಾಯಭಾರ ಕಚೇರಿಯ ಸಾಮಾನಿನ ಗೇಟು ಬಡಿದಿದ್ದರು. ಅಲ್ಲಿನ ಕಾವಲುಗಾರರು ಯಾರ ಅಪ್ಪಣೆಗೂ ಕಾಯದೆ ಗೇಟು ತೆಗೆದಿದ್ದರು. ಎಲ್ಲರೂ ಬದುಕಿದ್ದಾರೆ. ಸ್ವೀಡನ್ನಿನ ಟೆಕ್ನಿಷಿಯನ್ ಆಸ್ಪತ್ರೆಯಲ್ಲಿದ್ದಾರೆ. ಗೇಟಿನ ಕಾವಲುಗಾರ ತೀರಿಕೊಂಡಿದ್ದಾನೆ. ಕಾರಿಡಾರಿನಲ್ಲಿ ಒಬ್ಬ ಗಂಡಸಿನ ಶವ ಸಿಕ್ಕಿದೆ, ಸಿಬ್ಬಂದಿಯವನಲ್ಲ.

ಮುಖ್ಯಸ್ಥ ನನ್ನನ್ನು ಅಪ್ಪಿಕೊಂಡ. ನಾಲ್ಕು ಗಂಟೆಗೆ ಡಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ಮಗಳನ್ನು ಕರೆತರಲು ಹೋದೆ. ಅವಳು ನನ್ನ ಮುಖ ನೋಡಿ ಸ್ವೀಡಿಷ್‌ನಲ್ಲಿ ಕೇಳಿದಳು, ಅಮ್ಮಾ ಯಾರು ಬೈದರು ನಿನಗೆ ಎಂದು. ಯಾರೂ ಬೈದಿಲ್ಲ ಪುಟ್ಟಿ ಎಂದೆ.

ಆ ಯುರೋಪಿನ ದೇಶದವರ ತನಿಖೆ ನಾಲ್ಕು ತಿಂಗಳು ನಡೆಯಿತು. ಮೂರು ಸಲ ನನ್ನನ್ನು ಕರೆದರು. ಕರೆಯ ಧ್ವನಿಮುದ್ರಣ ಅವರ ಬಳಿ ಇತ್ತು. ಕನ್ನಡದ ಭಾಗಗಳನ್ನು ಯಾರಿಂದಲೋ ಇಂಗ್ಲಿಷಿಗೆ ಮಾಡಿಸಿದ್ದರು, ನಾನು ಸಾಲು ಸಾಲಾಗಿ ಹೌದು ಎನ್ನಬೇಕಿತ್ತು. ಮುಖ್ಯಸ್ಥ ತಾನು ಬರೆದ ಎರಡು ಪದಗಳ ವಿಷಯವನ್ನು ತಾನೇ ಹೇಳಿದ, ಮುಚ್ಚಿಡಲಿಲ್ಲ. ಸುಟ್ಟ ಬಾಗಿಲ ಚೌಕಟ್ಟಿನ ಫೋಟೋ ತೋರಿಸಿದರು. ಮೇಲಿನ ಎರಡು ತೂತುಗಳು ಓರೆಯಾಗಿ ಎಳೆದುಹೋಗಿದ್ದವು. ಚಿಲಕಗಳು ಅದರೊಳಗಿದ್ದಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ, ಒಳಗಿನ ಆರೂ ಜನ ಉಸಿರುಗಟ್ಟುತ್ತಿದ್ದರು ಎಂದು ವರದಿಯಲ್ಲಿ ಬರೆದಿದ್ದರು. ಪೊಲೀಸರು ಬಂದದ್ದು ಇನ್ನೊಂದು ಗಂಟೆಯ ಮೇಲೆ. ತಳ್ಳಿ ಎಂದದ್ದರ ಬಗ್ಗೆ ವರದಿಯಲ್ಲಿ ಒಂದೇ ವಾಕ್ಯ: ಪ್ರಾಣರಕ್ಷಣೆಗೆ ಅನಿವಾರ್ಯ. ಸತ್ತವನನ್ನು "ಅಪರಿಚಿತ ದಾಳಿಕೋರ" ಎಂದಿದ್ದರು.

ವರದಿ ಬಂದ ವಾರ ನಾನು ಅಣ್ಣನ ಮನೆಗೆ ಹೋದೆ. ಶೋವ್ಡೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬಲಗೈಯ ಮೂರು ಬೆರಳು ತೆಗೆದಿದ್ದರು. ಅವರ ಹೆಂಡತಿ ಚಹಾ ಕೊಟ್ಟು, ನಮ್ಮಿಬ್ಬರ ಮುಖ ನೋಡಿ, ಅಂಗಡಿಗೆ ಹೋಗಿಬರುವುದಾಗಿ ಹೇಳಿ ಎದ್ದುಹೋದರು.

ವರದಿಯನ್ನು ಅವರೂ ಓದಿದ್ದರು. ಸ್ವಲ್ಪ ಹೊತ್ತು ಪಿಂಚಣಿ, ವಿಮೆ ಎಂದು ಏನೇನೋ ಮಾತಾಡಿದೆವು. ನಾನು ಬಂದದ್ದು ಅದಕ್ಕಲ್ಲ.

"ಅಣ್ಣ, ಒಂದ್ ಕೇಳ್ಲಾ? ಕೊನೆಗೆ ಹೊರಗೆ ಹೋಗಿದ್ದು ನೀವೇ ಅಲ್ವಾ? ಹೆಜ್ಜೆ ನಿಂತಿದ್ದು ನಂಗೆ ಕೇಳಿಸ್ತು."

ಅವರು ಲೋಟವನ್ನು ಎಡಗೈಯಿಂದ ತಿರುಗಿಸುತ್ತಿದ್ದರು.

"ಅವನು ಆಗ ಬದುಕಿದ್ನಾ?"

"ಬದುಕಿದ್ದ," ಎಂದರು. "ಬಾಗಿಲಕೂ ಗ್ವಾಡಿಗೂ ನಡುವ ಸಿಕ್ಕಿದ್ದ. ಎದಿಮಟ. ಒಂದ ಕೈ ಹೊರಗಿತ್ತು. ಆ ಕೈಲೆ ನನ್ನ ಪ್ಯಾಂಟ್ ಹಿಡದ. ಏನೋ ಅಂದ. ನನಗ ತಿಳೀಲಿಲ್ಲ. ಆ ಹುಡುಗಿಗೆ ಆಮ್ಯಾಲ ಆಸ್ಪತ್ರಿಯೊಳಗ ಕೇಳಿದೆ, ವೀಸಾದಾಕಿಗೆ. ಆಕಿಗೆ ಆ ಶಬ್ದ ಅಂದು ತೋರಿಸಿದೆ."

"ಏನಂತೆ?"

"ಬಾಗಿಲ ಸರಸು, ಅಂತ."

ನಾನು ಲೋಟ ಕೆಳಗಿಟ್ಟೆ.

"ಸರಸಿ ನೋಡಿದೆ ಮೇಡಂ. ನೋಡಲಿಲ್ಲ ಅಂತಲ್ಲ. ಈ ಕೈ ಹೋಗಿತ್ತು, ಈ ಕೈಲೆ ಹಿಡದು ಎಳದೆ. ಬಗ್ಗಿದ ಬಾಗಿಲ, ನೆಲಕ್ಕ ಕಚ್ಚಿತ್ತು. ಉಳದವ್ರೆಲ್ಲಾ ಹೋಗಿಬಿಟ್ಟಿದ್ರು. ಮ್ಯಾಲಿಂದ ಬೆಂಕಿ ಬೀಳಾಕತ್ತಿತ್ತು. ಇನ್ನೊಂದ್ಸಲ ಎಳದೆ. ಆಮ್ಯಾಲ ಅಂವನ ಬೆರಳು ಒಂದೊಂದ ಬಿಡಿಸಿಕೊಂಡು ಬಂದೆ."

"ತಳ್ಳಿ ಅಂದಿದ್ದು ನಾನು ಅಣ್ಣ."

"ಹೌದು. ನೀವು ಅಂದ್ರಿ, ನಾವು ತಳ್ಳಿದ್ವಿ. ಅದಕ್ಕ ಇಬ್ಬರೂ ಇಲ್ಲಿ ಕುಂತೇವಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಅಂವನ್ನ ನೋಡಿ ಅಯ್ಯೋ ಪಾಪ ಅನ್ಲಿಕ್ಕೂ ನನಗ ಆಗವಲ್ದು. ಸಲಾಕಿ ಅಂವನ ಕೈಯಾಗ ಇತ್ತೋ ಬ್ಯಾರೆಯವನ ಕೈಯಾಗ ಇತ್ತೋ, ಅದೂ ಗೊತ್ತಿಲ್ಲ. ಆದರ ತನಿಖೆಯವರಿಗೆ ನಾ ಇದನ್ನ ಹೇಳಲಿಲ್ಲ. ಹೊರಗ ಬಂದಾಗ ಅಂವ ಸತ್ತಿದ್ದ ಅಂದೆ."

"ಯಾಕೆ?"

"ನಿಮ್ಮ ಹೆಸರಿಗೆ ಏನರ ಆದೀತು ಅಂತ. ನನಗೂ ಅಂಜಿಕಿ ಇತ್ತು." ಅವರು ತಲೆಯೆತ್ತಿದರು. "ಅಂವಗ ಫೋನ್ ಮ್ಯಾಲ ಫೋನ್ ಬರಾಕತ್ತಿತ್ತು ಅಂತ ವರದಿಯೊಳಗ ಐತಿ. ಮನ್ಯಾಗ ಯಾರೋ ಇದ್ದಾರ. ಅಂವ ಹೆಂಗ ಹೋದ ಅಂತ ಅವರಿಗೆ ಹೇಳೂ ಮಂದಿ ಜಗತ್ತಿನ್ಯಾಗ ನಾ ಒಬ್ಬನ ಅದೀನಿ."

ನಾನು ಬ್ಯಾಗಿನಿಂದ ಕಾಗದ ತೆಗೆದೆ. ಅವರು ಹೇಳುತ್ತಾ ಹೋದರು, ನಾನು ತನಿಖೆಯವರಿಗೆ ಇಂಗ್ಲಿಷಿನಲ್ಲಿ ಬರೆದೆ: ಮೊದಲ ಹೇಳಿಕೆಯಲ್ಲಿ ಬಿಟ್ಟ ಸಂಗತಿಗಳು. ಅವನು ಬದುಕಿದ್ದ. ಮಾತಾಡಿದ. ಇಂಥ ಮಾತು ಆಡಿದ. ನಾನು ಎರಡು ಸಲ ಎಳೆದೆ. ಅವನ ಕೈ ಬಿಡಿಸಿಕೊಂಡು ಹೋದೆ. ಇದನ್ನು ಅವನ ಮನೆಯವರಿಗೆ ತಲುಪಿಸಬೇಕೆಂದು ಕೋರಿಕೆ. ಅದರ ಕೆಳಗೆ ನನ್ನದೊಂದು ಸಾಲು ಸೇರಿಸಿದೆ: ಕಾರಿಡಾರಿನ ಅಗಲ ಎಷ್ಟೆಂದು ಆ ಹೊತ್ತಿನಲ್ಲಿ ನನಗೆ ಗೊತ್ತಿತ್ತು.

ಅವರು ಓದಿದರು. ನನ್ನ ಸಾಲಿನ ಹತ್ತಿರ ಬಂದಾಗ ನಿಂತು, ನನ್ನನ್ನು ನೋಡಿ, ಕಾಗದವನ್ನು ಮೇಜಿನ ಮೇಲೆ ಇಟ್ಟರು. ನಾನು ಸಹಿ ಹಾಕಿ ಪೆನ್ನು ಕೊಟ್ಟೆ. ಅವರು ಎಡಗೈಯಲ್ಲಿ ಹಿಡಿದರು. ತಮ್ಮ ಹೆಸರಿನ ಮೊದಲಕ್ಷರ ಬರೆದು, ನಿಲ್ಲಿಸಿ, ಮತ್ತೆ ಬರೆದರು. ಅವರು ಮುಗಿಸುವವರೆಗೆ ನಾನು ಕಾಗದವನ್ನು ಸರಿಯದಂತೆ ಹಿಡಿದುಕೊಂಡಿದ್ದೆ.